ಹಳೇ ಎಚ್61 ಬೋರ್ಡ್‌ನಲ್ಲಿ ಎನ್‌ವಿಎಂಇ ಡ್ರೈವ್‌ನಿಂದ ಬೂಟ್ ಮಾಡೋದು ಹೇಗೆ?

ಡೊಂಬಿವಲಿ_ಲೋಕಲ್

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಪೂರ್ವದ ನಮ್ಮ ಕನ್ನಡ ವಾಚನಾಲಯದಲ್ಲಿ ಆರು ಡೆಸ್ಕ್‌ಟಾಪ್ ಉಂಟು. ಎಲ್ಲವೂ ಇಂಟೆಲ್ ಎಚ್61 ಚಿಪ್‌ಸೆಟ್‌ನ ಮೈಕ್ರೋ ಎಟಿಎಕ್ಸ್ ಬೋರ್ಡ್. ನಾಲ್ಕರಲ್ಲಿ ಐ3-3220, ಎರಡರಲ್ಲಿ ಐ5-3470. ರ್‍ಯಾಮ್ 8 ಜಿಬಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, 500 ಜಿಬಿ ಹಾರ್ಡ್‌ಡಿಸ್ಕ್, ವಿಂಡೋಸ್ 10. ಸದಸ್ಯರೊಬ್ಬರು ಲ್ಯಾಪ್‌ಟಾಪ್‌ಗಳಿಂದ ತೆಗೆದ 256 ಜಿಬಿ ಎನ್‌ವಿಎಂಇ ಡ್ರೈವ್‌ಗಳನ್ನು (ಪಿಸಿಐ ಎಕ್ಸ್‌ಪ್ರೆಸ್ ಮೂಲಕ ಓಡುವ ವೇಗದ ಎಸ್‌ಎಸ್‌ಡಿ) ಉಚಿತವಾಗಿ ಕೊಟ್ಟಿದ್ದಾರೆ. ಅವನ್ನು ಕೂರಿಸಲು ಪಿಸಿಐ ಎಕ್ಸ್‌ಪ್ರೆಸ್ ಅಡಾಪ್ಟರ್ ಕಾರ್ಡ್ ಒಂದು ತಂದು ಹಾಕಿದೆವು. ವಿಂಡೋಸ್ ಒಳಗೆ ಡ್ರೈವ್ ಸರಿಯಾಗಿ ಕಾಣುತ್ತದೆ, ಫೈಲ್ ಕಾಪಿ ಆಗುತ್ತದೆ. ಆದರೆ ಬಯಾಸ್‌ನ ಬೂಟ್ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ಅಡಾಪ್ಟರ್ ಹಾಳೋ? ಬೇರೆ ಕಂಪನಿಯದ್ದು ತರಬೇಕೋ?

ಗ್ರಾಂಟ್‌ರೋಡ್_ಬೆಸುಗೆ

ಅಡಾಪ್ಟರ್ ಸರಿ ಉಂಟು, ಇನ್ನೊಂದು ತರಬೇಡಿ. ಒಂದೇ ಡ್ರೈವ್ ಕೂರುವ ಆ ಕಾರ್ಡ್‌ನಲ್ಲಿ ಬುದ್ಧಿವಂತ ಚಿಪ್ ಅಂತ ಯಾವುದೂ ಇರುವುದಿಲ್ಲ. ಸ್ಲಾಟ್‌ನ ನಾಲ್ಕು ಲೇನ್‌ಗಳನ್ನು (ದತ್ತಾಂಶ ಓಡುವ ತಂತಿದಾರಿ) ನೇರ ಡ್ರೈವ್ ಕೂರುವ ಎಂ.2 ಸಾಕೆಟ್‌ಗೆ ಎಳೆದಿರುತ್ತಾರೆ, ಜೊತೆಗೆ 3.3 ವೋಲ್ಟ್. ವಿಂಡೋಸ್‌ಗೆ ಡ್ರೈವ್ ಕಂಡಿದೆ ಅಂದರೆ ತಂತಿ, ವಿದ್ಯುತ್, ಡ್ರೈವ್ ಮೂರೂ ಸರಿ ಅಂತಲೇ ಅರ್ಥ.

ಇಡೀ ವಿಷಯ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ವಿಂಡೋಸ್ ಏಳುವ ಮೊದಲು ಆ ಡ್ರೈವ್ ಓದುವವರು ಯಾರು? ಓದಬೇಕಾದ್ದು ಬೋರ್ಡ್‌ನ ಫರ್ಮ್‌ವೇರ್, ಅಂದರೆ ಬೋರ್ಡ್‌ನ ಚಿಪ್‌ನಲ್ಲೇ ಇರುವ ಬಯಾಸ್ ತಂತ್ರಾಂಶ. ಅದಕ್ಕೆ ಹಾರ್ಡ್‌ಡಿಸ್ಕ್‌ನ ಸಾಟಾ ಭಾಷೆ ಬರುತ್ತದೆ, ಯುಎಸ್‌ಬಿ ಬರುತ್ತದೆ, ಎನ್‌ವಿಎಂಇ ಬರುವುದಿಲ್ಲ. ಎನ್‌ವಿಎಂಇ 1.0 ನಿಯಮಾವಳಿ ಬಂದದ್ದೇ 2011ರ ಮಾರ್ಚ್‌ನಲ್ಲಿ, ಎಚ್61 ಬೋರ್ಡ್‌ಗಳು ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಆಗ ಯಾರೂ ಆ ಡ್ರೈವರ್ ಹಾಕಿ ಕಳಿಸಲಿಲ್ಲ. 2014ರ 9 ಸರಣಿ, ಅಂದರೆ ಝಡ್97, ಎಚ್97ರ ಅನೇಕ ಬೋರ್ಡ್‌ಗಳಿಗೆ ಕಂಪನಿಗಳೇ ನಂತರ ಬಯಾಸ್ ಅಪ್‌ಡೇಟ್ ಕೊಟ್ಟವು. 6 (ನಿಮ್ಮ ಎಚ್61 ಇದರದ್ದೇ) ಮತ್ತು 7 ಸರಣಿಗೆ ಅಂಥದ್ದು ಸಿಗುವುದು ಅಪರೂಪ. ಆದರೂ ತಯಾರಕರ ಪುಟದಲ್ಲಿ ನಿಮ್ಮ ಮಾಡೆಲ್‌ನ ಕೊನೆಯ ಬಯಾಸ್ ಯಾವುದು ಅಂತ ಮೊದಲು ನೋಡಿ.

ಇದಕ್ಕೆ ಹೊರತಾದ ಪ್ರಸಿದ್ಧ ಡ್ರೈವ್ ಒಂದು ಉಂಟು: 2015ರ ಸ್ಯಾಮ್‌ಸಂಗ್ 950 ಪ್ರೊ. ಅದರೊಳಗೆ ತನ್ನದೇ ಆಪ್ಷನ್ ರಾಮ್ (ಡ್ರೈವ್ ಓದಲು ಬಯಾಸ್‌ಗೆ ಕಲಿಸುವ ತಂತ್ರಾಂಶ) ಇತ್ತು, ಹಳೇ ಬಯಾಸ್‌ನಲ್ಲೂ ಬೂಟ್ ಆಗುತ್ತಿತ್ತು. ನಂತರದ 960, 970ರಲ್ಲಿ ಅದಿಲ್ಲ. "ಹಳೇ ಬೋರ್ಡ್‌ನಲ್ಲಿ ಸುಮ್ಮನೆ ಹಾಕಿದೆ, ಬೂಟ್ ಆಯಿತು" ಅಂತ ಯಾರಾದರೂ ಬರೆದಿದ್ದರೆ ಅವರ ಹತ್ತಿರ ಯಾವ ಡ್ರೈವ್ ಇತ್ತು ಅಂತ ಕೇಳಿಕೊಳ್ಳಿ.

ದಾರಿ ಮೂರು ಉಂಟು. ಪೆನ್‌ಡ್ರೈವ್‌ನಲ್ಲೋ ಹಳೇ ಸಾಟಾ ಡಿಸ್ಕ್‌ನಲ್ಲೋ ಕ್ಲೋವರ್ ಎಂಬ ಬೂಟ್‌ಲೋಡರ್ ಇಟ್ಟು, ಅದರ ಮೂಲಕ ಎನ್‌ವಿಎಂಇ ಡ್ರೈವರ್ ಹೇರುವುದು ಒಂದು. ಬಯಾಸ್ ಫೈಲ್‌ನೊಳಗೇ ಡ್ರೈವರ್ ಸೇರಿಸಿ ಫ್ಲಾಶ್ ಮಾಡುವುದು (ಚಿಪ್‌ಗೆ ಬರೆಯುವುದು) ಇನ್ನೊಂದು. ಲಿನಕ್ಸ್ ಆದರೆ ಬೂಟ್ ಭಾಗವನ್ನಷ್ಟೇ ಹಳೇ ಡಿಸ್ಕ್‌ನಲ್ಲಿ ಇಟ್ಟು ಉಳಿದದ್ದನ್ನು ಹೊಸದರಲ್ಲಿ ಇಡುವುದು ಮೂರನೆಯದು. ಮೊದಲನೆಯದರಲ್ಲಿ ಬೋರ್ಡ್‌ಗೆ ಅಪಾಯವೇ ಇಲ್ಲ. ಅದು ನಡೆಯುವುದನ್ನು ಕಣ್ಣಾರೆ ನೋಡದೆ ಎರಡನೆಯದಕ್ಕೆ ಕೈ ಹಾಕಬೇಡಿ.

ಈಗ ಒಂದು ಕೆಲಸ ಮಾಡಿ. ಪ್ರತಿ ಯಂತ್ರದಲ್ಲೂ ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್ ತೆರೆದು "ಬಯಾಸ್ ಮೋಡ್" ಎದುರು ಲೆಗಸಿ ಅಂತ ಉಂಟೋ ಯುಇಎಫ್‌ಐ ಅಂತ ಉಂಟೋ ಬರೆದುಕೊಳ್ಳಿ. ಲೆಗಸಿ ಅಂದರೆ ಹಳೇ ಬೂಟ್ ಪದ್ಧತಿ, ಯುಇಎಫ್‌ಐ ಅಂದರೆ ಹೊಸದು.

ತಪಕೀರಗಲ್ಲಿ_ಪುಣೆ

ಮ್ಯಾಲಿನವರು ಹೇಳಿದ್ದು ಖರೆ ಅದ. ನಾ ಸ್ಲಾಟಿನ ಲೆಕ್ಕ ಹೇಳ್ತೀನಿ, ಯಾಕಂದ್ರ ಇಲ್ಲೇ ಭಾಳ ಮಂದಿ ದಾರಿ ತಪ್ಪೋದು.

ಎಚ್61 ಚಿಪ್‌ಸೆಟ್ಟಿನ ಸಾಟಾ ಪೋರ್ಟು ಎಲ್ಲಾ ಸಾಟಾ 2, 3 ಗಿಗಾಬಿಟ್ಟಿನವು. ಒಳ್ಳೆ ಸಾಟಾ ಎಸ್‌ಎಸ್‌ಡಿ ಹಾಕಿದ್ರೂ ಸೆಕೆಂಡಿಗೆ 270 ಎಂಬಿ ಸುತ್ತಮುತ್ತ ನಿಂತುಬಿಡ್ತದ. ಬಿ75 ಬೋರ್ಡಿನ್ಯಾಗ 6 ಗಿಗಾಬಿಟ್ ಪೋರ್ಟ್ ಒಂದರೆ ಇರ್ತದ, ಎಚ್61ಕ್ಕ ಅದೂ ಇಲ್ಲ. ಹಂಗಾಗಿ ಎನ್‌ವಿಎಂಇಗೆ ಬೆಲೆ ಇರೋದು ಇಂಥಾ ಬೋರ್ಡಿನ್ಯಾಗನ.

ಆದ್ರ ಎಲ್ಲಿ ಚುಚ್ಚಿದ್ರಿ ಅನ್ನೋದು ಮುಖ್ಯ. ಸಣ್ಣ ಎಕ್ಸ್1 ಸ್ಲಾಟು ಚಿಪ್‌ಸೆಟ್ಟಿನಿಂದ ಬರ್ತಾವು, ಪಿಸಿಐಇ 2.0, ಒಂದ ಲೇನು. ಕಾಗದದ ಮ್ಯಾಲ 500 ಎಂಬಿ, ಕೈಗೆ ಸಿಗೋದು 400ರ ಆಸುಪಾಸು. ಎಕ್ಸ್4 ಅಡಾಪ್ಟರು ಆ ಸ್ಲಾಟಿನ್ಯಾಗ ಕೂಡ್ರೋದೂ ಇಲ್ಲ, ಹಿಂದಿನ ತುದಿ ಮುಚ್ಚಿರ್ತದ. ಉದ್ದನೆ ಎಕ್ಸ್16 ಸ್ಲಾಟು ನೇರ ಪ್ರೊಸೆಸರಿನಿಂದ ಬರ್ತದ. ನಿಮಗ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಹಂಗಾಗಿ ಅದು ಖಾಲಿ. ಅಲ್ಲೇ ಹಾಕ್ರಿ.

ಇನ್ನೊಂದು ಸೂಕ್ಷ್ಮ ಅದ. ಐ5-3470 ಪಿಸಿಐಇ 3.0 ಮಾತಾಡ್ತದ, ಐ3-3220 ಅದೇ ಪೀಳಿಗೆದಾದ್ರೂ 2.0ಕ್ಕ ನಿಲ್ತದ. ಅಂದ್ರ ಒಂದೇ ಡ್ರೈವು ಒಂದೇ ಬೋರ್ಡಿನ್ಯಾಗ ಐ3 ಇದ್ದಾಗ 1500ರಿಂದ 1700 ಎಂಬಿ ಓದ್ತದ, ಐ5 ಇದ್ದಾಗ, ಬೋರ್ಡೂ ಡ್ರೈವೂ ಒಪ್ಪಿದ್ರ, ಅದರ ಎರಡು ಪಟ್ಟು. ಇದನ್ನ ನೋಡಿ "ನಾಲ್ಕು ಡ್ರೈವ್ ಕೆಟ್ಟಾವು" ಅಂತ ವಾಪಸ್ ಕೊಟ್ಟುಗಿಟ್ಟೀರಿ ಮತ್ತ. ವಾಚನಾಲಯದ ಕೆಲಸಕ್ಕ ಈ ಎರಡರ ನಡುವಿನ ಫರಕು ಕಣ್ಣಿಗೆ ಬೀಳೂದಿಲ್ಲ. ಹಾರ್ಡ್‌ಡಿಸ್ಕಿನಿಂದ ಯಾವ ಎಸ್‌ಎಸ್‌ಡಿಗೆ ಹೋದ್ರೂ ಬರೋ ಫರಕೇ ದೊಡ್ಡದು.

ಡ್ರೈವಿನ ತುದಿ ನೋಡ್ರಿ. ಒಂದ ಕಡೆ ಮಾತ್ರ ಕಚ್ಚು ಇದ್ದು ಸಣ್ಣ ತುಂಡಿನ್ಯಾಗ ಐದು ಪಿನ್ ಇದ್ರ ಅದು ಎಂ ಕೀ, ಹೆಚ್ಚಾಗಿ ಎನ್‌ವಿಎಂಇ. ಎರಡೂ ಕಡೆ ಕಚ್ಚು ಇದ್ರ ಸಾಟಾ ಎಂ.2 ಆಗಿರೋ ಸಾಧ್ಯತೆ ಭಾಳ, ಲೇಬಲ್ ಓದಿ ಖಾತ್ರಿ ಮಾಡ್ಕೋರಿ. ಸಾಟಾದ್ದು ಈ ಅಡಾಪ್ಟರಿನ್ಯಾಗ ಕೂಡ್ರತದ ಖರೆ, ಆದ್ರ ಯಾವತ್ತೂ ಕಾಣೂದಿಲ್ಲ. ಲ್ಯಾಮಿಂಗ್ಟನ್ ರೋಡಿನ್ಯಾಗ ಆಗ್ಲಿ ನಮ್ಮ ತಪಕೀರ ಗಲ್ಲಿಯೊಳಗ ಆಗ್ಲಿ ಎರಡು ಸಾಕೆಟ್ಟಿನ ಅಡಾಪ್ಟರ್ ತೋರಿಸ್ತಾರ. ಸೋವಿ ಇದ್ದದ್ರಾಗ ಒಂದು ಎನ್‌ವಿಎಂಇಗೆ, ಇನ್ನೊಂದು ಸಾಟಾಕ್ಕ, ಅದಕ್ಕ ಬ್ಯಾರೆ ಸಾಟಾ ಕೇಬಲ್ ಎಳೀಬೇಕು. ಎರಡೂ ಎನ್‌ವಿಎಂಇ ಇರೋ ಕಾರ್ಡಿಗೆ ಸ್ಲಾಟು ಒಡೆದು ಹಂಚೋ ಬೈಫರ್ಕೇಶನ್ ಬೇಕು, ಎಚ್61ದಾಗ ಅದು ಇಲ್ಲ. ನಿಮಗ ಬೇಕಾದ್ದು ಒಂದೇ ಸಾಕೆಟ್ಟಿನ ಎಕ್ಸ್4 ಕಾರ್ಡು, ಕೆಲವೇ ನೂರು ರೂಪಾಯಿದು.

ಡೊಂಬಿವಲಿ_ಲೋಕಲ್

ತುಂಬಾ ಉಪಕಾರ ಆಯ್ತು. ನೋಡಿದೆ: ಡ್ರೈವ್ ಎಲ್ಲವೂ ಒಂದೇ ಕಚ್ಚಿನವು, 2280 ಅಳತೆ. ಕಾರ್ಡ್ ಎಕ್ಸ್16ರಲ್ಲೇ ಕೂತಿದೆ. ಬಯಾಸ್ ಮೋಡ್ ಆರರಲ್ಲೂ ಲೆಗಸಿ ಅಂತ ತೋರಿಸುತ್ತಿದೆ, ಆದರೆ ಬಯಾಸ್ ಒಳಗೆ ಹೋದರೆ ಮೌಸ್ ಓಡುವ ಚಿತ್ರದ ಪರದೆ ಬರುತ್ತದೆ. ಕ್ಲೋವರ್ ಮಾಡುವ ಕ್ರಮ ಬಿಡಿಸಿ ಹೇಳುತ್ತೀರಾ?

ಮಡಗಾಂವ್_ಟರ್ಮಿನಲ್

ಹಾಗಾದರೆ ಬೋರ್ಡ್ ಯುಇಎಫ್‌ಐ ಇದ್ದದ್ದೇ. ವಿಂಡೋಸನ್ನು ಮಾತ್ರ ಲೆಗಸಿಯಲ್ಲಿ ಹಾಕಿದ್ದಾರೆ. ಎನ್‌ವಿಎಂಇಗೆ ವಿಂಡೋಸ್ ಯುಇಎಫ್‌ಐ ಮೋಡ್‌ನಲ್ಲಿ, ಡಿಸ್ಕ್ ಜಿಪಿಟಿಯಲ್ಲಿ (ಹೊಸ ಬಗೆಯ ಪಾರ್ಟಿಷನ್ ಪಟ್ಟಿ) ಇರಬೇಕು.

ಮೊದಲು ಡ್ರೈವ್‌ಗಳ ಆರೋಗ್ಯ ನೋಡಿ. ಬಳಸಿದ ಮಾಲು ಅದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಉಳಿದ ಆಯುಷ್ಯದ ಶೇಕಡಾವಾರು ಮತ್ತು ಮೀಡಿಯಾ ಎರರ್ ಸಂಖ್ಯೆ ಬರುತ್ತದೆ. ಮೀಡಿಯಾ ಎರರ್ ಸೊನ್ನೆ ಅಲ್ಲದ್ದನ್ನು ಬೂಟ್‌ಗೆ ಬಳಸಬೇಡಿ. ಲ್ಯಾಪ್‌ಟಾಪ್‌ನಿಂದ ಬಂದವಾದ್ದರಿಂದ ಬಿಟ್‌ಲಾಕರ್ ಬೀಗ ಹಾಕಿದ ಪಾರ್ಟಿಷನ್ ಉಳಿದಿರಬಹುದು. ಡಿಸ್ಕ್‌ಪಾರ್ಟ್ ತೆರೆದು, ಡಿಸ್ಕ್‌ನ ಸಂಖ್ಯೆ ಎರಡು ಸಲ ನೋಡಿ ಆರಿಸಿ, "ಕ್ಲೀನ್" ಕೊಟ್ಟು ಖಾಲಿ ಮಾಡಿ.

ಈಗ ಕ್ಲೋವರ್. ಯಾವುದೇ ಚಿಕ್ಕ ಪೆನ್‌ಡ್ರೈವ್ ಸಾಕು, 1 ಜಿಬಿ ಆದರೂ ನಡೆಯುತ್ತದೆ. ವಿಂಡೋಸ್‌ನಲ್ಲಿ ಬೂಟ್ ಡಿಸ್ಕ್ ಯುಟಿಲಿಟಿ ಎಂಬ ತಂತ್ರಾಂಶದಿಂದ ಅದನ್ನು ಫಾರ್ಮ್ಯಾಟ್ ಮಾಡಿದರೆ ಕ್ಲೋವರ್ ಅದೇ ಕೂರಿಸಿಕೊಡುತ್ತದೆ. ಆಮೇಲೆ ಪೆನ್‌ಡ್ರೈವ್ ತೆರೆದು ಇಎಫ್‌ಐ, ಅದರೊಳಗೆ ಕ್ಲೋವರ್, ಅದರೊಳಗೆ ಡ್ರೈವರ್ಸ್ ಫೋಲ್ಡರ್‌ಗೆ ಹೋಗಿ. ಅಲ್ಲಿ "ಆಫ್" ಎಂಬ ಫೋಲ್ಡರ್‌ನಲ್ಲಿ ಎನ್‌ವಿಎಂ ಎಕ್ಸ್‌ಪ್ರೆಸ್ ಡಿಎಕ್ಸ್‌ಇ ಹೆಸರಿನ ಇಎಫ್‌ಐ ಫೈಲ್ ಮಲಗಿರುತ್ತದೆ. ಎಲ್ಲರೂ ಮರೆಯುವುದು ಇದನ್ನೇ. ಅದನ್ನು "ಯುಇಎಫ್‌ಐ" ಫೋಲ್ಡರ್‌ಗೆ ಕಾಪಿ ಮಾಡಿ. ಪೂರ್ತಿ ಲೆಗಸಿ ಬೋರ್ಡ್ ಇದ್ದವರು "ಬಯಾಸ್" ಫೋಲ್ಡರ್‌ಗೂ ಹಾಕಬೇಕು. ಎರಡರಲ್ಲೂ ಹಾಕಿಬಿಟ್ಟರೆ ನಷ್ಟವಿಲ್ಲ.

ವಿಂಡೋಸ್ ಹಾಕುವ ಪೆನ್‌ಡ್ರೈವ್ ಬೇರೆ ಬೇಕು. ಅದನ್ನು ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದಲೇ ಮಾಡಿ. ಅದು ಫ್ಯಾಟ್32ನಲ್ಲಿ ಮಾಡುತ್ತದೆ. ಐಎಸ್‌ಒ ಇಳಿಸಿ ಬೇರೆ ಸಾಧನದಿಂದ ಎನ್‌ಟಿಎಫ್‌ಎಸ್‌ನಲ್ಲಿ ಮಾಡಿದರೆ ಕ್ಲೋವರ್‌ನ ಪಟ್ಟಿಯಲ್ಲಿ ಅದು ಕಾಣದೇ ಇರಬಹುದು.

ಹಳೇ ಹಾರ್ಡ್‌ಡಿಸ್ಕ್‌ನ ಸಾಟಾ ಕೇಬಲ್ ಬಿಚ್ಚಿಡಿ. ಇದನ್ನು ಬಿಡಬೇಡಿ. ಹಳೇ ಡಿಸ್ಕ್ ಜೋಡಿಸಿಯೇ ಇದ್ದರೆ ವಿಂಡೋಸ್ ಸೆಟಪ್ ಬೂಟ್ ಪಾರ್ಟಿಷನನ್ನು ಅದರ ಮೇಲೆ ಬರೆದುಬಿಡುವುದುಂಟು. ಮುಂದೆ ಆ ಡಿಸ್ಕ್ ತೆಗೆದ ದಿನ ಯಂತ್ರ ಏಳುವುದಿಲ್ಲ. ಬಯಾಸ್‌ನಲ್ಲಿ ಕ್ಲೋವರ್ ಪೆನ್‌ಡ್ರೈವ್‌ನ "ಯುಇಎಫ್‌ಐ" ಅಂತ ಮುಂದೆ ಇರುವ ನಮೂದನ್ನೇ ಆರಿಸಿ. ಕ್ಲೋವರ್ ಪರದೆ ಬಂದ ಮೇಲೆ ಅದರಿಂದಲೇ ವಿಂಡೋಸ್ ಇನ್‌ಸ್ಟಾಲರ್ ಆರಿಸಿ. ಸೆಟಪ್ ನಡುವೆ ಯಂತ್ರ ಮರುಪ್ರಾರಂಭ ಆದಾಗಲೆಲ್ಲ ಮತ್ತೆ ಕ್ಲೋವರ್‌ಗೇ ಬರಬೇಕು. ಅಲ್ಲಿ ಈ ಸಲ ಇನ್‌ಸ್ಟಾಲರ್ ಅಲ್ಲ, ಎನ್‌ವಿಎಂಇ ಮೇಲಿನ ಮೈಕ್ರೋಸಾಫ್ಟ್ ಇಎಫ್‌ಐ ನಮೂದನ್ನು ಆರಿಸಬೇಕು. ಇನ್‌ಸ್ಟಾಲರ್ ಆರಿಸಿದರೆ ಸೆಟಪ್ ಮೊದಲಿನಿಂದ ಸುತ್ತು ಹಾಕುತ್ತಲೇ ಇರುತ್ತದೆ.

ಕೊನೆಗೆ ಪಟ್ಟಿಯ ಮುಂದೆ ಯಾರೂ ಕಾಯದ ಹಾಗೆ ಮಾಡಬೇಕಲ್ಲ. ಕ್ಲೋವರ್ ಪರದೆಯಲ್ಲಿ ಎಫ್2 ಒತ್ತಿದರೆ "ಮಿಸ್ಕ್" ಫೋಲ್ಡರ್‌ನಲ್ಲಿ ಪ್ರೀಬೂಟ್ ಲಾಗ್ ಉಳಿಯುತ್ತದೆ. ಅದರಲ್ಲಿ ಎನ್‌ವಿಎಂಇಯ ಇಎಫ್‌ಐ ಪಾರ್ಟಿಷನ್‌ನ (ಬೂಟ್ ಫೈಲ್‌ಗಳಿರುವ ಚಿಕ್ಕ ಭಾಗ) ಉದ್ದನೆಯ ಗುರುತು ಸಂಖ್ಯೆ ಸಿಗುತ್ತದೆ. ಕಾನ್ಫಿಗ್ ಫೈಲ್‌ನ ಬೂಟ್ ವಿಭಾಗದಲ್ಲಿ ಡೀಫಾಲ್ಟ್ ವಾಲ್ಯೂಮ್ ಎದುರು ಆ ಸಂಖ್ಯೆ ಹಾಕಿ, ಟೈಮ್‌ಔಟ್ 2 ಅಂತ ಮಾಡಿ. "ಇಎಫ್‌ಐ" ಅಂತ ಬರೀ ಹೆಸರು ಹಾಕಿದರೆ ಎರಡು ಡಿಸ್ಕ್ ಇದ್ದಾಗ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ವಾಶಿ_ಖಾಡಿ

ಕೇಳಿದ್ದಕ್ಕೆ ಬೇಜಾರಿಲ್ಲ ಅಂದ್ಕೊಳ್ತೀನಿ. ಕ್ಲೋವರ್ ಯಾಕೆ ಬೇಕು? ವಿಂಡೋಸ್‌ನ ಬೂಟ್ ಪಾರ್ಟಿಷನ್ ಹಳೇ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟು, ಸಿ ಡ್ರೈವ್ ಮಾತ್ರ ಎನ್‌ವಿಎಂಇಯಲ್ಲಿ ಇಟ್ಟರೆ ಆಗಲ್ವಾ? ಲಿನಕ್ಸ್‌ಗೆ ಹಾಗೇ ಮಾಡಬಹುದು ಅಂತ ಮೇಲೆ ಬರೆದಿದ್ದಾರಲ್ಲ.

ಗ್ರಾಂಟ್‌ರೋಡ್_ಬೆಸುಗೆ

ಒಳ್ಳೇ ಪ್ರಶ್ನೆ. ವಿಂಡೋಸ್‌ನಲ್ಲಿ ಆಗುವುದಿಲ್ಲ, ಕಾರಣ ಇದು. ಫರ್ಮ್‌ವೇರ್ ಹಳೇ ಡಿಸ್ಕ್‌ನಿಂದ ವಿಂಡೋಸ್ ಬೂಟ್ ಮ್ಯಾನೇಜರನ್ನು ಎತ್ತುತ್ತದೆ, ಅಲ್ಲಿವರೆಗೆ ಸರಿ. ಬೂಟ್ ಮ್ಯಾನೇಜರ್ ಮುಂದೆ ವಿನ್‌ಲೋಡ್ ಎಂಬ ಫೈಲ್ ಎತ್ತಬೇಕು. ಅದು ಇರುವುದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿ, ಅಂದರೆ ಎನ್‌ವಿಎಂಇಯಲ್ಲಿ. ಬೂಟ್ ಮ್ಯಾನೇಜರ್‌ಗೆ ತನ್ನದೇ ಡಿಸ್ಕ್ ಡ್ರೈವರ್ ಇಲ್ಲ, "ಈ ಡಿಸ್ಕ್ ಓದಿ ಕೊಡು" ಅಂತ ಮತ್ತೆ ಫರ್ಮ್‌ವೇರನ್ನೇ ಕೇಳುತ್ತದೆ. ಫರ್ಮ್‌ವೇರ್‌ಗೆ ಆ ಡಿಸ್ಕ್ ಇರುವುದೇ ತಿಳಿಯದು. ಅಲ್ಲಿಗೆ ನೀಲಿ ಪರದೆ, 0xಸಿ000000ಇ ತರಹದ ದೋಷ. ಕ್ಲೋವರ್ ಮಾಡುವುದು ಆ ನಡುವಿನ ಕೆಲಸ. ತಾನು ಮೊದಲು ಎದ್ದು ಫರ್ಮ್‌ವೇರ್‌ನ ನೆನಪಿಗೆ ಎನ್‌ವಿಎಂಇ ಡ್ರೈವರ್ ಏರಿಸಿ, ಆಮೇಲೆ ಬೂಟ್ ಮ್ಯಾನೇಜರ್ ಕೈಗೆ ಯಂತ್ರ ಕೊಡುತ್ತದೆ.

ಲಿನಕ್ಸ್‌ನಲ್ಲಿ ಗ್ರಬ್ ಎಂಬ ಬೂಟ್‌ಲೋಡರ್ ಹಳೇ ಡಿಸ್ಕ್‌ನಿಂದ ಕರ್ನಲ್ ಮತ್ತು ಇನಿಟ್‌ರ್‍ಯಾಮ್ ಎರಡನ್ನೂ ಇಡಿಯಾಗಿ ಎತ್ತಿಬಿಡುತ್ತದೆ. ಅಲ್ಲಿಂದ ಮುಂದೆ ಓದುವುದು ಕರ್ನಲ್, ಅದಕ್ಕೆ 2012ರ 3.3 ಆವೃತ್ತಿಯಿಂದಲೇ ಎನ್‌ವಿಎಂಇ ಗೊತ್ತು. ಫರ್ಮ್‌ವೇರನ್ನು ಮತ್ತೆ ಕೇಳುವ ಪ್ರಸಂಗವೇ ಬರುವುದಿಲ್ಲ.

ಮಡಗಾಂವ್_ಟರ್ಮಿನಲ್

ವಾಚನಾಲಯಕ್ಕೆ ಲಿನಕ್ಸ್ ದಾರಿಯನ್ನು ಗಂಭೀರವಾಗಿ ಯೋಚಿಸಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಪ್ರೊಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ. ಸಾರ್ವಜನಿಕರು ಬ್ಯಾಂಕ್, ರೈಲ್ವೆ ಪುಟ ತೆರೆಯುವ ಯಂತ್ರದಲ್ಲಿ ಭದ್ರತಾ ಅಪ್‌ಡೇಟ್ ಬರದ ವ್ಯವಸ್ಥೆ ಇಡುವುದು ತಪ್ಪು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮಿಂಟ್ ಎಂಬ ಲಿನಕ್ಸ್ ಹಾಕಿ, ಭಾಷಾ ಟೈಪಿಂಗ್‌ನ ಐಬಸ್‌ನಲ್ಲಿ ಎಂ17ಎನ್ ಸೇರಿಸಿದರೆ ಕೆಜಿಪಿ ಕೀಲಿಮಣೆ ಸಿಗುತ್ತದೆ. ನುಡಿಯಲ್ಲಿ ಟೈಪ್ ಮಾಡುವವರ ಬೆರಳಿಗೆ ಅದೇ ಅಭ್ಯಾಸ.

ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್ ಕೈಯಾರೆ ಆರಿಸಿ. ಹಳೇ ಡಿಸ್ಕ್‌ನಲ್ಲಿ 512 ಎಂಬಿ ಫ್ಯಾಟ್32 ಇಎಫ್‌ಐ ಪಾರ್ಟಿಷನ್, 1 ಜಿಬಿ ಇಎಕ್ಸ್‌ಟಿ4 ಬೂಟ್ ಪಾರ್ಟಿಷನ್. ಎನ್‌ವಿಎಂಇ ಪೂರ್ತಿ ರೂಟ್‌ಗೆ. "ಬೂಟ್‌ಲೋಡರ್ ಎಲ್ಲಿ" ಅಂತ ಕೇಳಿದಾಗ ಹಳೇ ಡಿಸ್ಕ್ ಆರಿಸಬೇಕು, ಎನ್‌ವಿಎಂಇ ಅಲ್ಲ. ಪೂರ್ತಿ ಲೆಗಸಿ ಬೋರ್ಡ್‌ನಲ್ಲಿ ಜಿಪಿಟಿ ಡಿಸ್ಕ್ ಬಳಸುವವರು ಇಎಫ್‌ಐ ಬದಲು 1 ಎಂಬಿಯ ಬಯಾಸ್ ಗ್ರಬ್ ಪಾರ್ಟಿಷನ್ ಇಡಬೇಕು, ಇಲ್ಲದಿದ್ದರೆ ಗ್ರಬ್ ಕೂರುವುದೇ ಇಲ್ಲ. ಬೂಟ್ ಪಾರ್ಟಿಷನ್ 1 ಜಿಬಿಗಿಂತ ಚಿಕ್ಕದು ಮಾಡಬೇಡಿ. ಹಳೇ ಕರ್ನಲ್‌ಗಳು ಸೇರಿ ತುಂಬಿಕೊಂಡರೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ.

ತಪಕೀರಗಲ್ಲಿ_ಪುಣೆ

ವಿಂಡೋಸ್ ಇಟ್ಕೋತೀವಿ, ಹಳೇದನ್ನ ಹಂಗ ಕ್ಲೋನ್ ಮಾಡ್ತೀವಿ ಅನ್ನೋರಿಗೆ ಎರಡು ಮಾತು. ಲೆಗಸಿ ವಿಂಡೋಸನ್ನ ಸೀದಾ ಎನ್‌ವಿಎಂಇಗೆ ಕ್ಲೋನ್ ಮಾಡಿದ್ರ ಏಳೂದಿಲ್ಲ. ಮೊದಲ ಬ್ಯಾಕಪ್ ತಗೊಂಡು, ಹಾರ್ಡ್‌ಡಿಸ್ಕಿನ ಮ್ಯಾಲನ ಎಂಬಿಆರ್2ಜಿಪಿಟಿ (ಹಳೇ ಪಾರ್ಟಿಷನ್ ಪಟ್ಟಿಯನ್ನ ಜಿಪಿಟಿ ಮಾಡೋ ಸಾಧನ) ಓಡಿಸ್ರಿ. ಅದು ವಿಂಡೋಸ್ 10ರ 1703 ಆವೃತ್ತಿಯಿಂದ ಒಳಗ ಅದ. ಮೊದಲ "ವ್ಯಾಲಿಡೇಟ್", ಅದು ಪಾಸಾದ್ರ "ಕನ್ವರ್ಟ್", ಎರಡಕ್ಕೂ "ಅಲೋ ಫುಲ್ ಓಎಸ್" ಸೇರಿಸ್ರಿ. ಡಿಸ್ಕಿನ ಮ್ಯಾಲ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇದ್ರ ಅದು ಒಪ್ಪೂದಿಲ್ಲ. ಆಮ್ಯಾಲ ಬಯಾಸಿನ್ಯಾಗ ಯುಇಎಫ್‌ಐಗೆ ಬದಲಾಯಿಸಿ ಹಳೇ ಡಿಸ್ಕಿನಿಂದನ ಒಮ್ಮೆ ಎಬ್ಬಿಸಿ ನೋಡ್ರಿ.

ಕ್ಲೋನ್ ಆದ ಮ್ಯಾಲ ಬರೋ ದೊಡ್ಡ ತ್ರಾಸು ಅಂದ್ರ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್". ವಿಂಡೋಸಿನ ಎನ್‌ವಿಎಂಇ ಡ್ರೈವರು ಒಳಗ ಇರ್ತದ, ಆದ್ರ ಬೂಟಿನ ವ್ಯಾಳ್ಯಾಕ್ಕ ಏಳೋ ಪಟ್ಟಿಯೊಳಗ ಇರೂದಿಲ್ಲ, ಯಾಕಂದ್ರ ಇಲ್ಲಿ ತನಕ ಬೂಟಿಗೆ ಬೇಕಾಗಿದ್ದಿಲ್ಲ. ಉಪಾಯ: ಕ್ಲೋನ್ ಮಾಡೋಕಿಂತ ಮೊದಲ ಬಿಸಿಡಿ ಎಡಿಟ್ ಆಜ್ಞೆಯಿಂದ ಸೇಫ್‌ಬೂಟ್ "ಮಿನಿಮಲ್" ಮಾಡ್ರಿ. ಕ್ಲೋನ್ ಆದದ್ದು ಮೊದಲ ಸಲ ಸೇಫ್ ಮೋಡಿನ್ಯಾಗ ಏಳ್ತದ, ಆಗ ವಿಂಡೋಸ್ ಡ್ರೈವರನ್ನ ಬೂಟಿನ ಪಟ್ಟಿಗೆ ತಾನ ಸೇರಿಸ್ಕೋತದ. ಆಮ್ಯಾಲ ಸೇಫ್‌ಬೂಟ್ ಮೌಲ್ಯ ಅಳಿಸಿ ಮತ್ತ ಚಾಲೂ ಮಾಡ್ರಿ. ಮೊದಲ ಸಲ ಎಬ್ಬಿಸುವಾಗ ಹಳೇ ಡಿಸ್ಕ್ ತಗದಿರಬೇಕು, ಎರಡರದ್ದೂ ಗುರುತು ಒಂದೇ ಇರ್ತದ.

ಆದ್ರ ನಿಮಗ ನಾ ಕ್ಲೋನ್ ಹೇಳೂದಿಲ್ರಿ. 500 ಜಿಬಿಯಿಂದ 256ಕ್ಕ ಇಳಿಸಬೇಕು, ವರ್ಷಗಟ್ಟಲೆ ಕಸ ಕೂಡಿರ್ತದ. ಒಂದು ಯಂತ್ರ ಹೊಸದಾಗಿ ಚೊಕ್ಕ ಮಾಡ್ರಿ, ಅದರ ಇಮೇಜ್ ಕ್ಲೋನ್‌ಜಿಲ್ಲಾದಿಂದ ತಗೊಂಡು ಉಳಿದ ಐದಕ್ಕ ಇಳಿಸ್ರಿ. ಲೈಸೆನ್ಸ್ ಬೋರ್ಡಿಗೆ ಅಂಟಿಕೊಂಡಿರ್ತದ, ಮೊದಲ ಆಕ್ಟಿವೇಟ್ ಆಗಿದ್ರ ನೆಟ್ ಸಿಕ್ಕ ಕೂಡಲೇ ಮತ್ತ ಆಗ್ತದ. 256 ಅಂತ ಬರೆದಿದ್ರೂ ಕಂಪನಿ ಕಂಪನಿಗೆ ಸೆಕ್ಟರ್ ಎಣಿಕೆ ಸ್ವಲ್ಪ ಫರಕ್ ಇರಬಹುದು. ಎಲ್ಲಕ್ಕಿಂತ ಸಣ್ಣದರ ಮ್ಯಾಲ ಮೂಲ ತಯಾರು ಮಾಡ್ರಿ. ದೊಡ್ಡದರ ಇಮೇಜು ಸಣ್ಣದಕ್ಕ ಇಳಿಯೂದಿಲ್ಲ.

ಪಿಂಪ್ರಿ_ಚಿಂಚವಡ

ಆರು ಯಂತ್ರದ ಹಿಂದೆ ಆರು ಪೆನ್‌ಡ್ರೈವ್ ಸಿಕ್ಕಿಸಿಟ್ಟರೆ ಸಾರ್ವಜನಿಕ ಜಾಗದಲ್ಲಿ ಅವು ಉಳಿಯುವುದಿಲ್ಲ, ಯಾರೋ ಪ್ರಿಂಟ್ ತೆಗೆಯಲು ಕಿತ್ತುಕೊಂಡು ಹೋಗುತ್ತಾರೆ. ಕ್ಲೋವರ್ ನೆಚ್ಚುವುದಾದರೆ ಅದನ್ನು ಪೆಟ್ಟಿಗೆಯ ಒಳಗೆ ಇಡಿ. ಬೋರ್ಡ್‌ನ ಒಂಬತ್ತು ಪಿನ್‌ನ ಯುಎಸ್‌ಬಿ 2.0 ಹೆಡರ್‌ಗೆ ಸಿಕ್ಕಿಸುವ ಚಿಕ್ಕ ಪರಿವರ್ತಕ ಸಿಗುತ್ತದೆ, ಅದರ ಇನ್ನೊಂದು ತುದಿಗೆ ಪೆನ್‌ಡ್ರೈವ್ ಹಾಕಿ ಮುಚ್ಚಳ ಮುಚ್ಚಿದರೆ ಆಯಿತು. ಇಲ್ಲವೇ ಹಳೇ ಹಾರ್ಡ್‌ಡಿಸ್ಕನ್ನು ಕಡತ ಇಡಲು ಉಳಿಸಿಕೊಂಡು, ಅದರ ಮೊದಲಿಗೆ 200 ಎಂಬಿಯ ಫ್ಯಾಟ್32 ಇಎಫ್‌ಐ ಪಾರ್ಟಿಷನ್ ಮಾಡಿ ಕ್ಲೋವರ್‌ನ ಇಎಫ್‌ಐ ಫೋಲ್ಡರನ್ನು ಅಲ್ಲಿಗೆ ಕಾಪಿ ಮಾಡಿ. ನನ್ನ ಮತ ಎರಡನೆಯದಕ್ಕೆ.

ಗ್ರಾಂಟ್‌ರೋಡ್_ಬೆಸುಗೆ

ಒಪ್ಪುತ್ತೇನೆ, ಒಂದು ಮಾತು ಬಿಟ್ಟು. ಆ ಹಾರ್ಡ್‌ಡಿಸ್ಕ್‌ಗಳಿಗೂ ಹನ್ನೆರಡು ವರ್ಷ ಆಗಿರುತ್ತದೆ. ಅದು ಸತ್ತ ದಿನ ಎನ್‌ವಿಎಂಇ ಚೆನ್ನಾಗಿದ್ದರೂ ಯಂತ್ರ ಏಳುವುದಿಲ್ಲ. ಕ್ಲೋವರ್‌ನಲ್ಲಿ ಎಲ್ಲ ಸರಿ ನಡೆದ ಮೇಲೆ, ಧೈರ್ಯ ಇದ್ದರೆ, ಬಯಾಸ್‌ಗೇ ಡ್ರೈವರ್ ಸೇರಿಸುವುದು ಶಾಶ್ವತ ಪರಿಹಾರ. ಒಂದರಲ್ಲಿ ಮಾಡಿ ಕೆಲವು ವಾರ ಬಿಟ್ಟು ಉಳಿದದ್ದು ಮಾಡಿ.

ಬೇಕಾದ್ದು ಬಯಾಸ್ ಫೈಲ್ ತಿದ್ದುವ ಯುಇಎಫ್‌ಐ ಟೂಲ್ 0.28, ಇದೇ ಹಳೇ ಎಂಜಿನ್. ಹೆಸರಿನ ಕೊನೆಗೆ ಎನ್‌ಇ ಅಂತ ಇರುವ ಹೊಸದು ತೋರಿಸುತ್ತದೆ ಅಷ್ಟೇ, ತಿದ್ದಲು ಬಿಡುವುದಿಲ್ಲ. ಬಯಾಸ್ ಫೈಲ್ ತೆರೆದು ಮೊದಲು "ಎನ್‌ವಿಎಂಇ" ಅಂತ ಹುಡುಕಿ. ಈಗಾಗಲೇ ಇದ್ದರೆ ಬರೀ ಅಪ್‌ಡೇಟ್ ಸಾಕು. ಇಲ್ಲದಿದ್ದರೆ "ಡಿಎಕ್ಸ್‌ಇ ಕೋರ್" ಹುಡುಕಿ. ಅದು ಸಿಕ್ಕ ವಾಲ್ಯೂಮ್‌ನಲ್ಲಿ ಕೆಳಗೆ ಇಳಿದು ಕೊನೆಯ ಡಿಎಕ್ಸ್‌ಇ (ಬೂಟ್ ಹಂತದ) ಡ್ರೈವರ್ ಮೇಲೆ ಬಲ ಕ್ಲಿಕ್ ಮಾಡಿ, "ಇನ್ಸರ್ಟ್ ಆಫ್ಟರ್" ಆರಿಸಿ, ಎಫ್‌ಎಫ್‌ಎಸ್ ರೂಪದ ಎನ್‌ವಿಎಂಇ ಡ್ರೈವರ್ ಸೇರಿಸಿ. ಎಚ್61 ಬೋರ್ಡ್‌ಗಳಲ್ಲಿ ಬಹಳಷ್ಟಕ್ಕೆ ಇರುವುದೇ 4 ಎಂಬಿ ಚಿಪ್, ಜಾಗ ಸಾಲದೆ ಉಳಿಸುವಾಗ ದೋಷ ಬರಬಹುದು. ಆಗ "ಸ್ಮಾಲ್" ಎಂದು ಹೆಸರಿರುವ ಕಿರಿದು ಮಾಡಿದ ಆವೃತ್ತಿ ಬಳಸಿ. ಜಾಗಕ್ಕಾಗಿ ಬೇರೆ ಮಾಡ್ಯೂಲ್ ಅಳಿಸಲು ಹೋಗಬೇಡಿ.

ಉಳಿಸಿದ ಫೈಲನ್ನು ಮತ್ತೆ ತೆರೆದು, ಪಕ್ಕದ ಕಿಟಕಿಯಲ್ಲಿ ಮೂಲ ಫೈಲ್ ಇಟ್ಟು ಸಾಲು ಸಾಲು ಹೋಲಿಸಿ. ಮೂಲದಲ್ಲಿದ್ದ "ಪ್ಯಾಡ್ ಫೈಲ್" (ಜಾಗ ತುಂಬುವ ಖಾಲಿ ತುಂಡು) ಒಂದು ಮಾಯ ಆಗಿದ್ದರೆ, ಅಥವಾ ಇಲ್ಲದ ಕಡೆ ಹೊಸದಾಗಿ ಹುಟ್ಟಿದ್ದರೆ, ಆ ಫೈಲ್ ಫ್ಲಾಶ್ ಮಾಡಬೇಡಿ. ಬೋರ್ಡ್ ಸಾಯುವುದು ಹೆಚ್ಚಾಗಿ ಇಲ್ಲಿಯೇ.

ಫ್ಲಾಶ್ ಮಾಡುವ ದಾರಿ ಬೋರ್ಡ್ ಮೇಲೆ ನಿಂತಿದೆ. ಕೆಲವದರ ಒಳಗಿನ ಫ್ಲಾಶ್ ಸಾಧನ ತಿದ್ದಿದ ಫೈಲನ್ನು ಸ್ವೀಕರಿಸುತ್ತದೆ, ಕೆಲವು ಭದ್ರತಾ ಪರಿಶೀಲನೆ ವಿಫಲ ಅಂತ ನಿಲ್ಲಿಸುತ್ತವೆ. ಇಂಟೆಲ್‌ನ ಎಫ್‌ಪಿಟಿ ಎಂಬ ಫ್ಲಾಶ್ ಸಾಧನ ಬಳಸುವುದಾದರೆ ಅದರ ಆವೃತ್ತಿ ಬೋರ್ಡ್‌ನ ಎಂಇ (ಇಂಟೆಲ್ ಮ್ಯಾನೇಜ್‌ಮೆಂಟ್ ಎಂಜಿನ್) ಆವೃತ್ತಿಗೆ ಹೊಂದಬೇಕು: ಎಂಇ 7 ಇದ್ದರೆ 7ರದ್ದು, 8 ಇದ್ದರೆ 8ರದ್ದು. ದೋಷ 280 ಬಂದರೆ ಬಯಾಸ್ ಭಾಗಕ್ಕೆ ಬರೆಯುವ ಬೀಗ ಉಂಟು ಅಂತ ಅರ್ಥ.

ಆಗ ಉಳಿಯುವುದು ಸಿಎಚ್341ಎ ಪ್ರೋಗ್ರಾಮರ್, ಅಂದರೆ ಬಯಾಸ್ ಚಿಪ್‌ಗೆ ಹೊರಗಿನಿಂದ ನೇರ ಬರೆಯುವ ಸಾಧನ. ವಿದ್ಯುತ್ ಕೇಬಲ್ ಕಿತ್ತು, ಸಿಆರ್2032 ಸೆಲ್ ತೆಗೆದು, ಪವರ್ ಬಟನ್ ಒತ್ತಿ ಉಳಿದ ಚಾರ್ಜ್ ಇಳಿಸಿ. ಚಿಪ್ ಮೇಲೆ 25 ಎಂದು ಶುರುವಾಗುವ ಅಥವಾ ನಡುವೆ ಬರುವ ಸಂಖ್ಯೆ ಇರುತ್ತದೆ, ಎಂಟು ಕಾಲು. ಅನೇಕ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಅದು ಸಾಕೆಟ್‌ನಲ್ಲಿ ಕೂತಿರುತ್ತದೆ, ಎಳೆದು ತೆಗೆಯಬಹುದು. ಬೆಸೆದಿದ್ದರೆ ಕ್ಲಿಪ್ ಹಾಕಬೇಕು, ಕೆಂಪು ತಂತಿ ಚುಕ್ಕಿ ಇರುವ ಒಂದನೇ ಕಾಲಿಗೆ. ಕಪ್ಪು ಬಣ್ಣದ ಸಾಮಾನ್ಯ ಸಿಎಚ್341ಎಯಲ್ಲಿ ಒಂದು ದೋಷ ಉಂಟು: ಚಿಪ್‌ಗೆ 3.3 ವೋಲ್ಟ್ ಕೊಟ್ಟರೂ ದತ್ತಾಂಶದ ಕಾಲುಗಳಿಗೆ 5 ವೋಲ್ಟ್ ಹೋಗುತ್ತದೆ. ವೋಲ್ಟೇಜ್ ಆರಿಸುವ ಸ್ವಿಚ್ ಇರುವ ಮಾದರಿ ತನ್ನಿ, ಮಲ್ಟಿಮೀಟರ್‌ನಲ್ಲಿ ಅಳೆದು ನೋಡಿ ಜೋಡಿಸಿ.

ಬರೆಯುವ ಮೊದಲು ಎರಡು ಸಲ ಓದಿ, ಎರಡೂ ಫೈಲ್ ಬೈಟ್‌ಗೆ ಬೈಟ್ ಒಂದೇ ಉಂಟೋ ನೋಡಿ. 4 ಎಂಬಿ ಚಿಪ್ ಆದರೆ ಫೈಲ್ 41,94,304 ಬೈಟ್ ಇರಲೇಬೇಕು. ಓದಿದ್ದು ಬೇರೆ ಬೇರೆ ಬಂದರೆ, ಅಥವಾ ಬರೀ ಎಫ್‌ಎಫ್ ತುಂಬಿದ್ದರೆ, ಕ್ಲಿಪ್ ಸರಿಯಾಗಿ ಹಿಡಿದಿಲ್ಲ. ಮಳೆಗಾಲದಲ್ಲಿ ಮುಂಬಯಿ, ಗೋವಾದ ಗಾಳಿಗೆ ಕಾಲುಗಳ ಮೇಲೆ ಮಬ್ಬು ಕೂತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಶ್ ಅದ್ದಿ ಒರೆಸಿ ಮತ್ತೆ ಹಾಕಿ. ತಿದ್ದಬೇಕಾದ್ದು ನಿಮ್ಮದೇ ಚಿಪ್‌ನಿಂದ ಓದಿದ ಫೈಲನ್ನು. ಇಳಿಸಿಕೊಂಡ ಫೈಲ್ ಬರೆದರೆ ಆ ಬೋರ್ಡ್‌ನ ಮ್ಯಾಕ್ ವಿಳಾಸ, ಕ್ರಮಸಂಖ್ಯೆ ಹೋಗಬಹುದು. ಅದೇ ಕಾರಣಕ್ಕೆ ಒಂದರಿಂದ ಓದಿದ ಫೈಲ್ ಇನ್ನೊಂದಕ್ಕೆ ಹಾಕಬೇಡಿ. ಎರಡು ಯಂತ್ರಕ್ಕೆ ಒಂದೇ ಮ್ಯಾಕ್ ಬಂದರೆ ನಿಮ್ಮ ನೆಟ್‌ವರ್ಕ್ ಕಾಡುತ್ತದೆ. ಬೋರ್ಡ್ ಒಳಗಿನ ಸಾಧನದಿಂದ ಫ್ಲಾಶ್ ಮಾಡುವವರು ಯುಪಿಎಸ್ ಇಲ್ಲದೆ ಮಾಡಬೇಡಿ.

ಡೊಂಬಿವಲಿ_ಲೋಕಲ್

ಒಂದು ಐ3 ಯಂತ್ರದಲ್ಲಿ ಕ್ಲೋವರ್ ಸರಿಯಾಗಿ ಓಡಿತು. ಅದೇ ಬೋರ್ಡ್‌ನ ಬಯಾಸನ್ನು "ಸ್ಮಾಲ್" ಡ್ರೈವರ್ ಹಾಕಿ ಒಳಗಿನ ಸಾಧನದಿಂದಲೇ ಫ್ಲಾಶ್ ಮಾಡಿಸಿದೆವು, ತಕರಾರಿಲ್ಲದೆ ಸ್ವೀಕರಿಸಿತು. ಆದರೆ ಬೂಟ್ ಪಟ್ಟಿಯಲ್ಲಿ ಎನ್‌ವಿಎಂಇಯ ಹೆಸರಿಲ್ಲ. ಹಳೇ ಡಿಸ್ಕ್ ತೆಗೆದಿದ್ದರೂ "ಪಾಟಾ ಎಸ್‌ಎಸ್" ಎಂಬ ಒಂದು ನಮೂದು ಮಾತ್ರ ಬಂದಿದೆ. ಸರಿಯಾಗಿದೆಯೋ?

ಗ್ರಾಂಟ್‌ರೋಡ್_ಬೆಸುಗೆ

ಅದೇ ನಿಮ್ಮ ಎನ್‌ವಿಎಂಇ ಮಾರಾಯ್ರೆ! ಆ ಕಾಲದ ಎಎಂಐ ಕಂಪನಿಯ ಬಯಾಸ್‌ಗೆ ಅದನ್ನು ಬೇರೆ ಹೆಸರಿನಿಂದ ಕರೆಯಲು ಗೊತ್ತಿಲ್ಲ. "ವಿಂಡೋಸ್ ಬೂಟ್ ಮ್ಯಾನೇಜರ್" ಎಂಬ ನಮೂದೂ ಕಾಣಬೇಕು, ಅದನ್ನು ಮೇಲಕ್ಕೆ ತನ್ನಿ. ಕಾಣದಿದ್ದರೆ ಸಿಎಸ್‌ಎಂ (ಲೆಗಸಿ ಬೂಟ್‌ಗೆ ಅವಕಾಶ ಕೊಡುವ) ವಿಭಾಗ ಇದ್ದಲ್ಲಿ ಸ್ಟೋರೇಜ್ ಆಪ್ಷನ್ ರಾಮ್ "ಯುಇಎಫ್‌ಐ ಮಾತ್ರ" ಮಾಡಿ, ಪಿಸಿಐ ರಾಮ್ ಆದ್ಯತೆ ಇದ್ದರೆ ಇಎಫ್‌ಐ ಕಡೆಗೆ ಇಡಿ, ಸೆಕ್ಯೂರ್ ಬೂಟ್ ಆಫ್ ಇರಲಿ.

ತಪಕೀರಗಲ್ಲಿ_ಪುಣೆ

ಭಾಳ ಛಲೋ ಆತು. ಐ5 ಯಂತ್ರದಾಗ ಡ್ರೈವು ಒಮ್ಮೆ ಕಂಡು ಒಮ್ಮೆ ಮಾಯ ಆದ್ರ ಪಿಇಜಿ (ಎಕ್ಸ್16) ಸ್ಲಾಟಿನ ವೇಗ "ಆಟೋ" ಇದ್ದದ್ದನ್ನ "ಜೆನ್2", ಅಂದ್ರ 2.0, ಮಾಡ್ರಿ. ಸೋವಿ ಅಡಾಪ್ಟರಿನ ತಂತಿದಾರಿ 3.0 ವೇಗಕ್ಕ ತಾಳದ ಇದ್ದಾಗ ಹಂಗ ಆಗ್ತದ. ಏಸಿ ಇಲ್ಲದ ಕೋಣೆ ಅಂದ್ರ ಡ್ರೈವಿಗೆ ಥರ್ಮಲ್ ಪ್ಯಾಡಿನ ಜೋಡಿ ಒಂದು ಅಲ್ಯೂಮಿನಿಯಂ ಪಟ್ಟಿ ಕೂಡ್ರಸ್ರಿ, 70 ಡಿಗ್ರಿ ದಾಟಿದ ಮ್ಯಾಲ ಭಾಳ ಡ್ರೈವು ತಮ್ಮ ವೇಗ ತಾವ ಇಳಿಸ್ಕೋತಾವು.

ಪಿಂಪ್ರಿ_ಚಿಂಚವಡ

ಪೆಟ್ಟಿಗೆ ತೆರೆದಾಗಲೇ ಆರರ ಸಿಆರ್2032 ಸೆಲ್‌ಗಳನ್ನೂ ಬದಲಾಯಿಸಿ. ಹಳೇ ಸೆಲ್ 2.7 ವೋಲ್ಟ್‌ಗಿಂತ ಇಳಿದಿದ್ದರೆ ರಾತ್ರಿ ಮೇನ್ ಸ್ವಿಚ್ ಆರಿಸಿದ ಮೇಲೆ ಬಯಾಸ್ ಸೆಟ್ಟಿಂಗ್ ಮೂಲಸ್ಥಿತಿಗೆ ಮರಳಬಹುದು. ಬೆಳಗ್ಗೆ ಸಿಎಸ್‌ಎಂ ಮತ್ತೆ ಲೆಗಸಿಗೆ ಹೋಗಿ "ಬೂಟ್ ಡಿವೈಸ್ ಇಲ್ಲ" ಅಂತ ಬರುತ್ತದೆ, ಜನ ಎನ್‌ವಿಎಂಇಯನ್ನು ದೂರುತ್ತಾರೆ. ಜೊತೆಗೆ ಎನ್‌ವಿಎಂಇಯ ಇಎಫ್‌ಐ ಪಾರ್ಟಿಷನ್‌ನಲ್ಲಿ ಬೂಟ್ ಫೋಲ್ಡರ್‌ನೊಳಗೆ ಬೂಟ್‌ಎಕ್ಸ್64 ಫೈಲ್ ಉಂಟೋ ನೋಡಿಕೊಳ್ಳಿ. ಬೂಟ್ ಪಟ್ಟಿ ಅಳಿಸಿಹೋದರೂ ಫರ್ಮ್‌ವೇರ್ ಹುಡುಕುವುದು ಅದನ್ನೇ. ಇಲ್ಲದಿದ್ದರೆ ಬಿಸಿಡಿ ಬೂಟ್ ಆಜ್ಞೆಯನ್ನು ಯುಇಎಫ್‌ಐ ಆಯ್ಕೆಯೊಂದಿಗೆ ಒಮ್ಮೆ ಓಡಿಸಿದರೆ ಬಂದು ಕೂರುತ್ತದೆ.

ಡೊಂಬಿವಲಿ_ಲೋಕಲ್

ವಿಂಡೋಸ್ ಬೂಟ್ ಮ್ಯಾನೇಜರ್ ಕಂಡಿತು, ಪೆನ್‌ಡ್ರೈವ್ ಇಲ್ಲದೆ ನೇರ ಎದ್ದಿತು. ಬೂಟ್‌ಎಕ್ಸ್64 ಇದೆ. ಇದೊಂದನ್ನು ಗಣೇಶ ಚೌತಿಯವರೆಗೆ ಓಡಿಸಿ ನೋಡಿ, ಎರಡು ಐ5ಗಳಲ್ಲಿ ಮಿಂಟ್, ಉಳಿದ ಮೂರರಲ್ಲಿ ಸದ್ಯಕ್ಕೆ ಕ್ಲೋವರ್ ಅಂತ ಸಮಿತಿಯವರು ಒಪ್ಪಿದ್ದಾರೆ. ಸೆಲ್ ಮತ್ತು ಥರ್ಮಲ್ ಪ್ಯಾಡ್ ತರಲು ಶನಿವಾರ ಲ್ಯಾಮಿಂಗ್ಟನ್ ರೋಡ್‌ಗೆ ಹೋಗುತ್ತೇವೆ.